ಬಳ್ಳಾರಿಯ 17 ಸರ್ವರ್‌ಗಳನ್ನು ಒಂದೆಡೆ ತಂದ ನನ್ನ ಅನುಭವ

ದಾಸ್ತಾನು ರಿಜಿಸ್ಟರ್‌ನಲ್ಲಿ 8 ಸರ್ವರ್ ಇದ್ದವು. ಕಚೇರಿ ಕಚೇರಿ ಸುತ್ತಿ ಕಣ್ಣಾರೆ ನೋಡಿದಾಗ ಸಿಕ್ಕಿದ್ದು 17.

ಬಳ್ಳಾರಿಯಲ್ಲಿ ಸರ್ಕಾರಿ ಕಚೇರಿಗಳ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಲ್ಲಿ ಹರಡಿಕೊಂಡಿದ್ದ ಸರ್ವರ್‌ಗಳನ್ನು ಒಂದೆಡೆ ಸೇರಿಸಬೇಕು, ಏನಾದರೂ ಅನಾಹುತ ಆದರೆ ಕೆಲಸ ಮತ್ತೆ ಶುರುವಾಗುವ ಹಾಗೆ ಡಿಸಾಸ್ಟರ್ ರಿಕವರಿ ವ್ಯವಸ್ಥೆಯನ್ನೂ ಮಾಡಬೇಕು ಅಂತ ಮೇಲಧಿಕಾರಿಗಳು ಹೇಳಿದರು. ಒಂದೂವರೆ ವರ್ಷ ಹಿಡಿಯಿತು. ಇದೇ ಕೆಲಸ ಕೈಗೆತ್ತಿಕೊಳ್ಳುವ ಬೇರೆ ಜಿಲ್ಲೆಯವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಎಣಿಕೆಯ ವಿಷಯ ಮೊದಲು. ಒಂದು ಸರ್ವರ್ ರೆಕಾರ್ಡ್ ರೂಮಿನಲ್ಲಿ, ಬಟ್ಟೆಯಲ್ಲಿ ಕಟ್ಟಿದ ಹಳೆ ಕಡತಗಳ ಹಿಂದೆ ಇತ್ತು. ಇನ್ನೊಂದು ಮೆಟ್ಟಿಲ ಕೆಳಗೆ. ಮತ್ತೊಂದು ನಿಜಕ್ಕೂ ಸರ್ವರ್ ಅಲ್ಲ, ಮಾಮೂಲಿ ಕಂಪ್ಯೂಟರ್. ಪಿಂಚಣಿ ನೋಡುವ ವಿಷಯ ನಿರ್ವಾಹಕಿಯ ಮೇಜಿನ ಕೆಳಗಿತ್ತು. ನಾನು ಬಗ್ಗಿ ನೋಡಲು ಹೋದಾಗ ಅವರು ಗಾಬರಿಯಾದರು. "ಅದನ್ನ ಆಫ್ ಮಾಡಬ್ಯಾಡ್ರಿ ಸರ, ಮಾಡಿದ್ರ ಎಲ್ಲಾರದೂ ನಿಂತು ಹೋಗತೈತಿ" ಅಂದರು. ಆರು ವರ್ಷದ ಫಲಾನುಭವಿಗಳ ಪಟ್ಟಿ ಅದೊಂದರಲ್ಲೇ ಇತ್ತು. ರಿಜಿಸ್ಟರ್‌ನಲ್ಲಿ ಅದನ್ನು ಯಾರೂ ಸರ್ವರ್ ಅಂತ ಬರೆದಿರಲಿಲ್ಲ.

ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. ಅಮೆರಿಕದ ಸರ್ಕಾರ 2010ರಲ್ಲಿ ತನ್ನ ಡೇಟಾ ಸೆಂಟರ್‌ಗಳನ್ನು ಕಡಿಮೆ ಮಾಡಲು ಹೊರಟಿತು. ಆಗ ಅಲ್ಲಿ ಮುಖ್ಯ ಮಾಹಿತಿ ಅಧಿಕಾರಿಯಾಗಿದ್ದವರು ವಿವೇಕ್ ಕುಂದ್ರಾ. ಶುರುವಿನಲ್ಲಿ ಇದ್ದ ಲೆಕ್ಕ ಸುಮಾರು 1,100. ಎಲ್ಲ ಇಲಾಖೆಗಳೂ ಕೂತು ಎಣಿಸಿದ ಮೇಲೆ ಅದು 2,094 ಆಯಿತು. ಹಾಗಾಗಿ ಕಾಗದದ ಪಟ್ಟಿ ತರಿಸಿಕೊಂಡು ಕೆಲಸ ಶುರು ಮಾಡಬೇಡಿ. ನೀವೇ ಹೋಗಿ. ಅಟೆಂಡರ್‌ಗಳನ್ನು ಕೇಳಿ. ರಾತ್ರಿ ಬೀಗ ಹಾಕುವವರಿಗೆ ಯಾವ ಯಂತ್ರದ ಸ್ವಿಚ್ ಮುಟ್ಟಬಾರದು ಅಂತ ಗೊತ್ತಿರುತ್ತದೆ. 17ರಲ್ಲಿ 4 ನನಗೆ ಸಿಕ್ಕಿದ್ದು ಅವರಿಂದಲೇ.

ಹೀಗೆ ಹರಡಿಕೊಳ್ಳಲು ಕಾರಣವೂ ಇತ್ತು. 2000ದ ಸುಮಾರಿಗೆ ಭೂಮಿ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದಾಗ ತಾಲ್ಲೂಕು ಕಚೇರಿಗಳಲ್ಲೇ ಸರ್ವರ್ ಇಡಬೇಕಿತ್ತು. ಬೆಂಗಳೂರಿನವರೆಗೆ ಭರವಸೆಯ ಲೈನ್ ಇರಲಿಲ್ಲ. ಆ ಕಾಲಕ್ಕೆ ಅದು ಸರಿಯಾದ ನಿರ್ಧಾರ. ಈಗ ರಾಜ್ಯದ ಡೇಟಾ ಸೆಂಟರ್ ಇದೆ, ಜಿಲ್ಲೆ–ತಾಲ್ಲೂಕುಗಳನ್ನು ಜೋಡಿಸುವ ಕೆಸ್ವಾನ್ ಇದೆ. ಆದರೂ ಪ್ರತಿ ಕಚೇರಿಗೂ ತನ್ನದೇ ಸರ್ವರ್ ಕೋಣೆ ಬೇಕು ಅನ್ನುವ ರೂಢಿ ಹೋಗಿರಲಿಲ್ಲ.

ಬಳ್ಳಾರಿಯಲ್ಲಿ ಆ ಕೋಣೆಗಳನ್ನು ಚೆನ್ನಾಗಿ ಇಟ್ಟುಕೊಳ್ಳುವುದು ಕಷ್ಟ. ಏಪ್ರಿಲ್–ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅದಿರಿನ ಲಾರಿಗಳು ಓಡಾಡುವ ದಾರಿಗಳಲ್ಲಿ ಕೆಂಪು ದೂಳು. ಒಂದು ಸರ್ವರ್ ಬಿಚ್ಚಿದಾಗ ಫ್ಯಾನಿನ ರೆಕ್ಕೆಗಳ ಮೇಲೆ ಇಟ್ಟಿಗೆ ಬಣ್ಣದ ದೂಳು ಬೆರಳು ದಪ್ಪ ಕೂತಿತ್ತು. ಯುಪಿಎಸ್ ಬ್ಯಾಟರಿಗಳ ಕತೆ ಇನ್ನೂ ಕೆಟ್ಟದು. ಸೀಲ್ ಮಾಡಿದ ಆ ಸೀಸದ ಬ್ಯಾಟರಿಗಳ ಬಾಳಿಕೆಯನ್ನು ಹೇಳುವುದು 25 ಡಿಗ್ರಿಗೆ. ಅದಕ್ಕಿಂತ ಸುಮಾರು 8ರಿಂದ 10 ಡಿಗ್ರಿ ಜಾಸ್ತಿ ಆದರೆ ಬಾಳಿಕೆ ಅರ್ಧಕ್ಕೆ ಇಳಿಯುತ್ತದೆ. ಐದು ವರ್ಷ ಬರಬೇಕಾದ ಬ್ಯಾಟರಿ ನಮ್ಮ ಬಿಸಿಲಿಗೆ ಎರಡೇ ವರ್ಷದಲ್ಲಿ ಕೈಕೊಡುತ್ತಿತ್ತು. ಹಣ ಮಂಜೂರಾಗುವಷ್ಟರಲ್ಲಿ ಇನ್ನೊಂದು ಬೇಸಿಗೆ ಬರುತ್ತಿತ್ತು.

9 ಕೋಣೆಗಳ ಬದಲು ಒಂದೇ ಕೋಣೆಯನ್ನು ಸರಿಯಾಗಿ ಮಾಡಿದೆವು. ಎರಡು ಎಸಿ, ದಿನ ಬಿಟ್ಟು ದಿನ ಒಂದೊಂದು ಓಡುತ್ತವೆ. ಒಂದು ಕೆಟ್ಟರೆ ಇನ್ನೊಂದು ಇಡೀ ಹೊರೆ ಎಳೆಯುವಷ್ಟು ದೊಡ್ಡದು. ಬ್ಯಾಟರಿಗಳು ಬೇರೆ ಕೋಣೆಯಲ್ಲಿ, ನಡುವೆ ಇಟ್ಟಿಗೆ ಗೋಡೆ. ಇದನ್ನು ಹಟ ಹಿಡಿದು ಮಾಡಿಸಿದೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಅರ್ಥಿಂಗ್ ಕಡೆಗೂ ಗಮನ ಕೊಡಿ. ಬೇಸಿಗೆಯಲ್ಲಿ ನೆಲ ಒಣಗಿ ಬಿರುಕು ಬಿಟ್ಟರೆ ಅರ್ಥಿಂಗ್ ಸತ್ತುಹೋಗುತ್ತದೆ. ವಾರಕ್ಕೊಮ್ಮೆ ಗುಂಡಿಗೆ ನೀರು ಹಾಕಿ ನ್ಯೂಟ್ರಲ್–ಅರ್ಥ್ ವೋಲ್ಟೇಜ್ ಅಳೆದು ಬರೆದಿಡುತ್ತೇವೆ. ಪಕ್ಕದ ಕುಡತಿನಿಯಲ್ಲೇ 1,700 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಇದ್ದರೂ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಕೆಟ್ಟರೆ ನಮಗೆ ಕತ್ತಲೆಯೇ. ಅದಕ್ಕೇ ಜನರೇಟರ್, ಮತ್ತು ಡೀಸೆಲ್ ಎಷ್ಟಿದೆ ಅಂತ ಪ್ರತಿ ಸೋಮವಾರ ನೋಡುವ ಒಬ್ಬ ಮನುಷ್ಯ.

ಏನು ಬೆಂಗಳೂರಿಗೆ ಹೋಗಬೇಕು, ಏನು ಇಲ್ಲೇ ಉಳಿಯಬೇಕು ಅನ್ನುವುದರ ಬಗ್ಗೆ ತುಂಬಾ ಚರ್ಚೆ ಆಯಿತು. ಕೊನೆಗೆ ಒಂದೇ ಪ್ರಶ್ನೆ ಇಟ್ಟುಕೊಂಡೆವು: ಲೈನ್ ಕಡಿದು ಹೋದ ದಿನವೂ ಈ ಕೆಲಸ ನಡೆಯಲೇಬೇಕಾ? ಬೇಕು ಅನ್ನುವಂಥದ್ದು ಕಡಿಮೆ. ಅಂಥದ್ದು ಬಳ್ಳಾರಿಯಲ್ಲಿ ಉಳಿಯಿತು, ಉಳಿದದ್ದು ರಾಜ್ಯದ ಡೇಟಾ ಸೆಂಟರ್‌ಗೆ ಹೋಯಿತು. 5 ಸರ್ವರ್‌ಗಳಿಗೆ ಕೆಲಸವೇ ಇರಲಿಲ್ಲ. ಡೇಟಾ ತೆಗೆದಿಟ್ಟುಕೊಂಡು ಕಂಡಮ್ ಮಾಡಿದೆವು.

ಲೈನ್ ವಿಷಯದಲ್ಲಿ ಒಂದು ಪಾಠ ಕಲಿತೆ. ಎರಡು ಬೇರೆ ಕಂಪನಿಗಳಿಂದ ಎರಡು ಲೈನ್ ತೆಗೆದುಕೊಂಡಿದ್ದೆವು. ರಸ್ತೆ ಅಗೆಯುವಾಗ ಜೆಸಿಬಿ ಒಂದೇ ಏಟಿಗೆ ಎರಡನ್ನೂ ಕಡಿಯಿತು. ಎರಡು ಕಂಪನಿಗಳ ಕೇಬಲ್ಲೂ ಒಂದೇ ಗುಂಡಿಯಲ್ಲಿ ಹೋಗಿದ್ದವು! ಈಗ ಒಂದು ಲೈನ್ ಚಳ್ಳಕೆರೆ–ಹಿರಿಯೂರು ಕಡೆಯಿಂದ, ಇನ್ನೊಂದು ಅನಂತಪುರದ ಕಡೆಯಿಂದ ಬರುತ್ತದೆ. ನಕ್ಷೆ ಕೇಳಿ ಪಡೆದು, ನಮ್ಮ ಕಟ್ಟಡಕ್ಕೆ ಎರಡೂ ಬೇರೆ ಬೇರೆ ಗೋಡೆಯಿಂದ ಒಳಗೆ ಬರುತ್ತವಾ ಅಂತ ನಾನೇ ನೋಡಿದೆ.

ಇಷ್ಟೆಲ್ಲ ಮಾಡಿದರೂ ಅತಿ ಹೆಚ್ಚು ದಿನ ತಿಂದದ್ದು ಯಂತ್ರಗಳಲ್ಲ, ಕನ್ನಡ ಡೇಟಾ.

ಹಳೆಯ ತಂತ್ರಾಂಶಗಳಲ್ಲಿ ಹೆಸರುಗಳನ್ನು 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದರು, ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲಿ ಅಲ್ಲ. ಡೇಟಾಬೇಸ್ ತೆರೆದು ನೋಡಿದರೆ ಅಲ್ಲಿ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಆ ಫಾಂಟ್ ಹಾಕಿದ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಹಾಗೇ ಸಾಗಿಸಿದ್ದರೆ ಇನ್ನು ಹತ್ತು ವರ್ಷಕ್ಕೆ ಅದನ್ನು ಓದುವವರೇ ಇರುತ್ತಿರಲಿಲ್ಲ. ಬದಲಾಯಿಸಲು ಹೊರಟರೆ ಅರ್ಕಾವೊತ್ತು ಅಡ್ಡ ಬಂತು. ಹಳೆ ಪದ್ಧತಿಯಲ್ಲಿ ಅರ್ಕಾವೊತ್ತು ಅಕ್ಷರ ಆದಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಇದನ್ನು ಸರಿಯಾಗಿ ಹಿಡಿಯದಿದ್ದರೆ 'ದುರ್ಗಮ್ಮ' ಹೋಗಿ 'ದುಗರ್ಮ್ಮ' ಆಗುತ್ತದೆ. ಕನಕ ದುರ್ಗಮ್ಮನ ಊರು ನಮ್ಮದು. ದುರ್ಗಮ್ಮ, ದುರ್ಗಪ್ಪ ಅನ್ನುವ ಹೆಸರಿನವರು ಎಷ್ಟು ಜನ ಇದ್ದಾರೆ ಗೊತ್ತಲ್ವಾ. ಹೆಸರು ಬ್ಯಾಂಕ್ ಪುಸ್ತಕಕ್ಕೆ ಹೊಂದದಿದ್ದರೆ ಆ ಅಜ್ಜಿಯ ಪಿಂಚಣಿ ನಿಲ್ಲಬಹುದು. ಒಂದು ಒತ್ತಕ್ಷರದ ತಪ್ಪಿಗೆ ಅವರು ಹಳ್ಳಿಯಿಂದ ಬಸ್ ಹತ್ತಿ ಬಂದು ನಮ್ಮ ಬಾಗಿಲಲ್ಲಿ ನಿಲ್ಲಬೇಕು. ಹಾಗಾಗಿ ಅರ್ಕಾವೊತ್ತು ಇರುವ ಪ್ರತಿ ಹೆಸರನ್ನೂ ಬೇರೆ ಮಾಡಿ, ಪ್ರಿಂಟ್ ತೆಗೆದು, ಆಯಾ ಶಾಖೆಯವರ ಹತ್ತಿರ ಒಂದೊಂದಾಗಿ ಓದಿಸಿದೆವು. ಎರಡೂವರೆ ತಿಂಗಳು. ಅದಕ್ಕೆ ಅಡ್ಡದಾರಿ ಇಲ್ಲ.

ಜಿಲ್ಲೆ ಒಡೆದದ್ದು ಇನ್ನೊಂದು ತೊಡಕು. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಆ ಕಡೆ ಹೋದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಬಂದು, ಆಮೇಲೆ ವಿಜಯನಗರಕ್ಕೆ ಹೋದ ತಾಲ್ಲೂಕು. ಒಂದೇ ಮನೆಯ ದಾಖಲೆ ಬೇರೆ ಬೇರೆ ಜಿಲ್ಲಾ ಕೋಡ್‌ಗಳಲ್ಲಿ ಸಿಕ್ಕಿತು. ಹಳೆಯ ಕೋಡ್ ಅಳಿಸಿ ಹೊಸದು ಹಾಕೋಣ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಹಳೆಯದನ್ನು ಹಾಗೇ ಇಟ್ಟು, ಯಾವ ದಿನದಿಂದ ಯಾವ ಕೋಡ್ ಅಂತ ಪಕ್ಕದಲ್ಲಿ ಬರೆದೆವು. ನಾಳೆ ಯಾರಾದರೂ 2005ರ ಆದೇಶ ಹಿಡಿದು ಬಂದರೆ ಅದರಲ್ಲಿ ಇರುವುದು ಹಳೆಯ ಕೋಡೇ ತಾನೇ?

ಸಾಗಿಸಿದ್ದು ಎರಡನೇ ಶನಿವಾರ, ಭಾನುವಾರ ನೋಡಿಕೊಂಡು. ವರ್ಷಗಟ್ಟಲೆ ಆಫ್ ಆಗದ ಯಂತ್ರವನ್ನು ಆಫ್ ಮಾಡುವ ಮುಂಚೆ ಅದರ ಪೂರ್ತಿ ಇಮೇಜ್, ಅಂದರೆ ಡಿಸ್ಕ್‌ನಲ್ಲಿರುವ ಎಲ್ಲದರ ಯಥಾಪ್ರತಿ, ತೆಗೆದುಕೊಳ್ಳಿ. ನಮ್ಮ ಒಂದು ಹಾರ್ಡ್‌ಡಿಸ್ಕ್ ನಿಂತಿದ್ದು ಮತ್ತೆ ತಿರುಗಲೇ ಇಲ್ಲ. ಹಿಂದಿನ ರಾತ್ರಿ ಇಮೇಜ್ ತೆಗೆದಿದ್ದರಿಂದ ಉಳಿದೆವು.

ಈಗ ನನ್ನ ಮುಖ್ಯ ಮಾತು. ಎಲ್ಲವನ್ನೂ ಒಂದು ಕಡೆ ತರುವ ಮೊದಲು ಎರಡನೇ ಜಾಗ ಸಿದ್ಧವಾಗಿರಬೇಕು. ಆಮೇಲೆ ಮಾಡೋಣ ಅಂದರೆ ಆಗುವುದಿಲ್ಲ. 9 ಕೋಣೆಗಳಿದ್ದಾಗ ಒಂದಕ್ಕೆ ಬೆಂಕಿ ಬಿದ್ದರೆ ಒಂದು ಕಚೇರಿ ನಿಲ್ಲುತ್ತದೆ. ಒಂದೇ ಕೋಣೆ ಆದಮೇಲೆ ಬೆಂಕಿ ಬಿದ್ದರೆ ಎಲ್ಲ ಕಚೇರಿ ನಿಲ್ಲುತ್ತವೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. ಇರುವ 33ರಲ್ಲಿ ಒಂದು. ಉಳಿದ ಗೇಟುಗಳನ್ನೂ ಎತ್ತಿ, ಬೆಳೆಗೆ ಬೇಕಾದ ನೀರನ್ನು ನದಿಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುವಷ್ಟರಲ್ಲಿ ಸುಮಾರು ಒಂದು ವಾರ ಆಯಿತು. ಆ ವಾರ ಸಿರುಗುಪ್ಪ, ಕಂಪ್ಲಿ ಕಡೆಯ ಪ್ರತಿ ರೈತರ ಮನೆಯಲ್ಲೂ ಅದೇ ಮಾತು. ಅಧಿಕಾರಿಗಳ ಸಭೆಯಲ್ಲಿ ನಾನು ಎರಡನೇ ಜಾಗಕ್ಕೆ ಹಣ ಕೇಳಿದ್ದು ಆ ಘಟನೆಯನ್ನು ಮುಂದಿಟ್ಟುಕೊಂಡು. ಯಾರೂ ಇಲ್ಲ ಅನ್ನಲಿಲ್ಲ.

ಆಮೇಲೆ 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರದ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರ ಮಾಡುವಾಗ. ನೂರಾರು ಸರ್ಕಾರಿ ಸೇವೆಗಳು ನಿಂತವು. ನೌಕರರು ಕಡತ ಇಡುತ್ತಿದ್ದ ಜಿ–ಡ್ರೈವ್‌ನ 858 ಟೆರಾಬೈಟ್ ಸುಟ್ಟುಹೋಯಿತು. ತುಂಬಾ ದೊಡ್ಡದು ಅಂತ ಅದಕ್ಕೆ ಬೇರೆ ಕಡೆ ಬ್ಯಾಕಪ್ಪೇ ಇರಲಿಲ್ಲ. ಬ್ಯಾಟರಿ ಕೋಣೆಗೆ ಬೇರೆ ಗೋಡೆ ಬೇಕು ಅಂತ ನಾನು ಹಟ ಹಿಡಿದದ್ದಕ್ಕೆ ಅರ್ಥ ಇತ್ತು ಅಂತ ಆ ಸುದ್ದಿ ಓದಿದಾಗ ಅನಿಸಿತು.

ನಾವು ಮೂರು ಪ್ರತಿ ಇಡುತ್ತೇವೆ. ಓಡುತ್ತಿರುವುದು ಒಂದು. ಬೇರೆ ಊರಿನಲ್ಲಿ ಒಂದು. ಮೂರನೆಯದು ಯಾವ ನೆಟ್‌ವರ್ಕಿಗೂ ಸಿಗಿಸದ ಡಿಸ್ಕ್‌ನಲ್ಲಿ, ಬೀರುವಿನೊಳಗೆ. ಈ ಮೂರನೆಯದು ರಾನ್ಸಮ್‌ವೇರ್‌ನಿಂದ, ಅಂದರೆ ಕಡತಗಳನ್ನು ಲಾಕ್ ಮಾಡಿ ಹಣ ಕೇಳುವ ದುಷ್ಟ ತಂತ್ರಾಂಶದಿಂದ, ಉಳಿಯುವುದಕ್ಕೆ. ಸದಾ ಸಿಗಿಸಿಟ್ಟ ಬ್ಯಾಕಪ್ ಡಿಸ್ಕ್ ಕೂಡ ಲಾಕ್ ಆಗಿ ಹೋದದ್ದನ್ನು ಒಂದು ಕಚೇರಿಯಲ್ಲಿ ಕಣ್ಣಾರೆ ನೋಡಿದ್ದೇನೆ. ಬೇರೆ ಊರು ಆರಿಸುವಾಗ ಒಂದೇ ಹೊಳೆ, ಒಂದೇ ಮಳೆಗೆ ಎರಡೂ ಸಿಗಬಾರದು ಅಂತ ನೋಡಿದೆವು. 2009ರ ಪ್ರವಾಹ ನೋಡಿದವರಿಗೆ ಇದು ಗೊತ್ತು. ಕರೆಂಟಿನ ವಿಷಯದಲ್ಲಿ ಮಾತ್ರ ಎಷ್ಟು ದೂರ ಹೋದರೂ ಪೂರ್ತಿ ಬೇರೆ ಆಗುವುದಿಲ್ಲ. 2012ರ ಜುಲೈ ಕೊನೆಯಲ್ಲಿ ಉತ್ತರ ಭಾರತ ಕತ್ತಲಾದಾಗ ದಕ್ಷಿಣ ಉಳಿದಿತ್ತು. 2013ರ ಡಿಸೆಂಬರ್ 31ರಿಂದ ದಕ್ಷಿಣದ ಗ್ರಿಡ್ಡೂ ದೇಶದ ಗ್ರಿಡ್‌ಗೆ ಸೇರಿದೆ. ಅದಕ್ಕೆ ಎರಡೂ ಕಡೆ ಜನರೇಟರ್ ಲೆಕ್ಕ ಬೇಕು.

ಎಷ್ಟು ಹೊತ್ತಿನ ಕೆಲಸ ಕಳೆದರೆ ಪರವಾಗಿಲ್ಲ, ಎಷ್ಟು ಹೊತ್ತಿನಲ್ಲಿ ಮತ್ತೆ ಶುರುವಾಗಬೇಕು? ಇದನ್ನು ತಾಂತ್ರಿಕ ಹೆಸರು ಹೇಳಿ ಕೇಳಿದಾಗ ಎಲ್ಲರೂ "ಒಂದು ನಿಮಿಷವೂ ನಿಲ್ಲಬಾರದು" ಅಂದರು. ಆಮೇಲೆ ಪಿಂಚಣಿಯ ಆ ವಿಷಯ ನಿರ್ವಾಹಕಿಯನ್ನು ಬೇರೆ ರೀತಿ ಕೇಳಿದೆ. "ಮೇಡಂ, ಬೆಳಗ್ಗೆಯಿಂದ ತೆಗೆದುಕೊಂಡ ಅರ್ಜಿಗಳೆಲ್ಲ ಅಳಿಸಿ ಹೋದವು ಅಂದುಕೊಳ್ಳಿ. ಏನು ಮಾಡ್ತೀರಿ?" ಅವರು ಯೋಚಿಸಿ, "ರಿಜಿಸ್ಟರ್‌ನಾಗ ಬರದಿರ್ತೀವಿ ಸರ, ಅರ್ಧ ದಿನದ್ದು ಆದ್ರ ಮತ್ತ ಟೈಪ್ ಮಾಡ್ತೀವಿ. ಎರಡು ದಿನದ್ದು ಆದ್ರ ಆಗಂಗಿಲ್ಲ" ಅಂದರು. ಅಲ್ಲಿಗೆ ನಮ್ಮ ಗುರಿ ಸಿಕ್ಕಿತು: ಅರ್ಧ ದಿನಕ್ಕಿಂತ ಜಾಸ್ತಿ ಕಳೆಯಬಾರದು, ನಾಲ್ಕು ಗಂಟೆಯಲ್ಲಿ ಎದ್ದು ನಿಲ್ಲಬೇಕು.

ಮೊದಲ ಅಭ್ಯಾಸದಲ್ಲಿ ನಾಲ್ಕು ಗಂಟೆ ಅಂದದ್ದು ಎರಡು ದಿನ ಹಿಡಿಯಿತು. ಬ್ಯಾಕಪ್ ದಿನಾಲೂ 'ಯಶಸ್ವಿ' ಅಂತ ತೋರಿಸುತ್ತಿತ್ತು. ಆದರೆ ಸ್ಕ್ಯಾನ್ ಮಾಡಿದ ದಾಖಲೆಗಳ ಫೋಲ್ಡರ್ ಅದರಲ್ಲಿ ಸೇರಿರಲೇ ಇಲ್ಲ. ಬ್ಯಾಕಪ್ ತೆರೆಯುವ ಪಾಸ್‌ವರ್ಡ್ ಬರೆದಿಟ್ಟದ್ದು ಅದೇ ಸರ್ವರ್‌ನ ಒಳಗೆ. ಒಂದು ಹಳೆ ತಂತ್ರಾಂಶ ತೆರೆಯಲು ಯುಎಸ್‌ಬಿ ಡಾಂಗಲ್ (ಕೀಲಿಯ ಹಾಗೆ ಕಂಪ್ಯೂಟರಿಗೆ ಸಿಗಿಸುವ ಸಣ್ಣ ಸಾಧನ) ಬೇಕಿತ್ತು, ಅದು ಯಾರ ಡ್ರಾಯರ್‌ನಲ್ಲಿದೆ ಅಂತ ಹುಡುಕಲು ಅರ್ಧ ದಿನ ಹೋಯಿತು. ಈಗ ಮೂರು ತಿಂಗಳಿಗೊಮ್ಮೆ ಎರಡನೇ ಶನಿವಾರ ಚೀಟಿ ಎತ್ತುತ್ತೇವೆ. ಬಂದ ತಂತ್ರಾಂಶವನ್ನು ಖಾಲಿ ಯಂತ್ರದ ಮೇಲೆ ಮತ್ತೆ ನಿಲ್ಲಿಸಬೇಕು. ನಿಲ್ಲಿಸುವವನು ನಾನಲ್ಲ. ಪ್ರತಿ ಸಲ ಬೇರೆ ಹುಡುಗ, ಕೈಯಲ್ಲಿ ಪ್ರಿಂಟ್ ತೆಗೆದ ಕಾಗದ ಮಾತ್ರ. ನನಗೆ ಫೋನ್ ಮಾಡುವಂತಿಲ್ಲ. ಅವನು ಎಲ್ಲಿ ತಡವರಿಸಿದನೋ ಆ ಸಾಲನ್ನು ಮತ್ತೆ ಬರೆಯುತ್ತೇವೆ.

ಹೋದ ಸಲ ಪಿಂಚಣಿಯ ಚೀಟಿ ಬಂತು. ಹಿಂದಿನ ದಿನ ಮಧ್ಯಾಹ್ನ 2 ಗಂಟೆಯ ಬ್ಯಾಕಪ್‌ನಿಂದ 2 ಗಂಟೆ 50 ನಿಮಿಷದಲ್ಲಿ ಎದ್ದಿತು. ಸರಿ ಇದೆಯಾ ಅಂತ ನೋಡಲು ಅದೇ ಮೇಡಂ ರಜೆಯ ದಿನವೂ ಬಂದಿದ್ದರು. ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು ಹಿಂದಿನ ದಿನದ ಹೆಸರುಗಳನ್ನು ಒಂದೊಂದಾಗಿ ಹುಡುಕಿದರು. "ಎಲ್ಲಾ ಅದಾವ್ರಿ ಸರ, ಫೋಟೋನೂ ಬಂದೈತಿ. ಕಡೀದು ಮೂರು ಇಲ್ಲ ನೋಡ್ರಿ" ಅಂದರು. ಆ ಮೂರು ಅರ್ಜಿ ಬಂದದ್ದು 2 ಗಂಟೆ ಆದಮೇಲೆ. ಅವರು ರಿಜಿಸ್ಟರ್ ತಿರುಗಿಸಿ ಮೂರನ್ನೂ ಟೈಪ್ ಮಾಡಿ ಮುಗಿಸಿದಾಗ ಗಡಿಯಾರ ನೋಡಿ ಬರೆದುಕೊಂಡೆ: 11 ನಿಮಿಷ.