ತುಂಗೆಯ ಗುಂಟ ಹತ್ತಿ ಭದ್ರೆಯ ಗುಂಟ ಇಳಿದ ನಾಲ್ಕು ದಿನ

ಎರಡು ವರ್ಷಗಳ ಹಿಂದೆ ನಮ್ಮ ಕುಟುಂಬದವರೆಲ್ಲ ಸೇರಿ ಎರಡೇ ದಿನಗಳಲ್ಲಿ ಒಂಬತ್ತು ಸ್ಥಳಗಳನ್ನು ನೋಡಿ ಬರುವ ಸಾಹಸವೊಂದನ್ನು ಮಾಡಿದ್ದೆವು. ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಮುಗಿದ ಆ ತಿರುಗಾಟದಲ್ಲಿ ಮಕ್ಕಳು ತಿರುವುಗಳಲ್ಲಿ ವಾಂತಿ ಮಾಡಿಕೊಂಡದ್ದು, ಊಟದ ಹೊತ್ತು ಮೀರಿ ಹಿರಿಯರು ಮುನಿಸಿಕೊಂಡದ್ದು ಬಿಟ್ಟರೆ ನನಗೆ ಬೇರೇನೂ ನೆನಪಿನಲ್ಲಿ ಉಳಿದಿಲ್ಲ. ಆದ್ದರಿಂದ ಕಳೆದ ಸಲ ಮತ್ತೆ ಪ್ರವಾಸದ ಮಾತು ಬಂದಾಗ ಯೋಜನೆಯನ್ನು ನನಗೇ ಬಿಡಬೇಕು, ನಡುವೆ ಯಾರೂ ಸ್ಥಳಗಳನ್ನು ಸೇರಿಸಬಾರದು ಎಂಬ ಕರಾರಿನ ಮೇಲೆ ಒಪ್ಪಿಕೊಂಡೆ. ಹನ್ನೆರಡು ಜನ, ಮೂರು ಕಾರು, ನಾಲ್ಕು ದಿನ. ಅತಿ ಹಿರಿಯರೆಂದರೆ ಎಪ್ಪತ್ತನಾಲ್ಕು ವರ್ಷದ ನನ್ನ ಅಮ್ಮ, ಅತಿ ಕಿರಿಯಳು ಏಳು ವರ್ಷದ ತಂಗಿಯ ಮಗಳು.

ಶಿವಮೊಗ್ಗದಲ್ಲಿ ಹುಟ್ಟಿ ಬೆಳೆದ ನಮಗೆ ನಲ್ಲಿಯಲ್ಲಿ ಬರುವುದು ತುಂಗೆಯ ನೀರು. ‘ತುಂಗಾ ಪಾನ, ಗಂಗಾ ಸ್ನಾನ’ ಎಂದು ಅಮ್ಮ ದಿನಕ್ಕೊಮ್ಮೆಯಾದರೂ ಹೇಳುತ್ತಾರೆ. ಆ ತುಂಗೆ ಮತ್ತು ಅವಳ ಜೊತೆಗಾತಿ ಭದ್ರೆ ಇಬ್ಬರೂ ಹುಟ್ಟುವುದು ಕುದುರೆಮುಖದ ಸೀಮೆಯ ವರಾಹ ಪರ್ವತದ ಗಂಗಾಮೂಲದಲ್ಲಿ. ಅಲ್ಲಿಂದ ಬೇರೆ ಬೇರೆ ಕಣಿವೆ ಹಿಡಿದು ಇಳಿದು, ನಮ್ಮ ಊರಿನ ಹತ್ತಿರದ ಕೂಡ್ಲಿಯಲ್ಲಿ ಮತ್ತೆ ಒಂದಾಗುತ್ತಾರೆ. ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿದಾಗ, ತುಂಗೆಯ ಗುಂಟ ತೀರ್ಥಹಳ್ಳಿ, ಶೃಂಗೇರಿಯ ಮೇಲೆ ಹತ್ತಿ, ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ದಾಟಿ, ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿಗಳ ಮೂಲಕ ಭದ್ರೆಯ ಗುಂಟ ಮನೆಗೆ ಮರಳಬಹುದೆಂಬುದು ಹೊಳೆಯಿತು. ಇದರಿಂದ ದೊಡ್ಡ ಲಾಭವೊಂದಾಯಿತು. “ಮಾವ, ಮುಳ್ಳಯ್ಯನಗಿರಿ ಅಲ್ಲೇ ಹತ್ತಿರ ಅಲ್ವಾ?” ಎಂದು ಅಕ್ಕನ ಮಗ ಕೇಳಿದಾಗಲೆಲ್ಲ, “ನಾವು ಹೊಳೆ ಹಿಡಿದು ಹೋಗ್ತಾ ಇದೀವಿ, ಗುಡ್ಡ ಹಿಡಿದಲ್ಲ” ಎಂದು ಬಾಯಿ ಮುಚ್ಚಿಸಲು ಸಾಧ್ಯವಾಯಿತು. ಒಂದು ಸ್ಥಳವನ್ನು ಬೇಡವೆನ್ನಲು ಕಾರಣ ಬೇಕಾಗುತ್ತದೆ. ‘ಹೊತ್ತಿಲ್ಲ’ ಎಂಬ ಕಾರಣವನ್ನು ನಮ್ಮವರು ಯಾರೂ ಒಪ್ಪುವುದಿಲ್ಲ.

ಹೊರಟದ್ದು ಅಕ್ಟೋಬರ್ ಸುಮಾರಿಗೆ ಬರುವ ಭೂಮಿ ಹುಣ್ಣಿಮೆ ಕಳೆದ ಮೇಲೆ, ಅಡಿಕೆ ಕೊಯ್ಲು ಶುರುವಾಗುವ ಮುನ್ನ. ನಮ್ಮಲ್ಲಿ ಇಬ್ಬರು ತೋಟದವರು. ಒಮ್ಮೆ ಅಡಿಕೆ ಕೊನೆ ತೆಗೆಯಲು ಆರಂಭಿಸಿದರೆ ಅವರನ್ನು ಯುಗಾದಿಯವರೆಗೆ ಕದಲಿಸಲಾಗದು. ಜೋರು ಮಳೆ ಹಿಂದೆ ಸರಿದಿದ್ದರೂ ಗುಡ್ಡದ ಹುಲ್ಲು ಒಣಗಿರುವುದಿಲ್ಲ, ಝರಿಗಳೂ ಬತ್ತಿರುವುದಿಲ್ಲ. ಇನ್ನೊಂದು ಕಾರಣ ಮಂಗನ ಕಾಯಿಲೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರವನ್ನು ಹರಡುವ ಉಣುಗುಗಳ ಕಾಟ ಕಾಡು ಒಣಗುತ್ತಿದ್ದಂತೆ, ಡಿಸೆಂಬರಿನಿಂದ ಮುಂಗಾರಿನ ತನಕ ಹೆಚ್ಚಾಗಿರುತ್ತದೆ. ಮಕ್ಕಳು ಮುದುಕರನ್ನು ಕಟ್ಟಿಕೊಂಡು ಆ ತಿಂಗಳುಗಳಲ್ಲಿ ಕಾಡಂಚಿನ ತರಗೆಲೆಯಲ್ಲಿ ಅಡ್ಡಾಡುವುದು ನನಗೆ ಸರಿ ಕಾಣಲಿಲ್ಲ. ಮಳೆಗಾಲದ ಬಾಲದಲ್ಲಿ ಹೋದರೆ ಇಂಬಳ ಹತ್ತುತ್ತವೆ, ನಿಜ. ಆದರೆ ಇಂಬಳ ರಕ್ತ ಕುಡಿದು ತಾನಾಗಿ ಉದುರಿಹೋಗುತ್ತದೆ, ಜ್ವರ ತರುವುದಿಲ್ಲ.

ಎಲ್ಲರೂ ಒಂದೇ ಮಿನಿಬಸ್ಸಿನಲ್ಲಿ ಹೋದರೆ ಹಾಡಿಕೊಂಡು ಹೋಗಬಹುದೆಂಬುದು ಭಾವನವರ ವಾದವಾಗಿತ್ತು. ಕುಂದಾದ್ರಿಯ ಕಡಿದಾದ ರಸ್ತೆಯನ್ನೂ ನಾವು ಉಳಿಯಲಿದ್ದ ತೋಟದ ಮನೆಗಳ ಕಿರಿದಾದ ದಾರಿಗಳನ್ನೂ ನೆನೆದು ನಾನು ಕಾರುಗಳೇ ಇರಲಿ ಎಂದೆ. ಆದರೆ ಮೂರು ಕಾರುಗಳೆಂದರೆ ಮೂರು ಸಂಸಾರಗಳಿದ್ದಂತೆ. ಒಬ್ಬರಿಗೆ ಕಾಫಿ ಬೇಕಾದಾಗ ಇನ್ನೊಬ್ಬರಿಗೆ ಪೆಟ್ರೋಲ್ ಬೇಕಿರುತ್ತದೆ. ಅದಕ್ಕಾಗಿ ತಲೆಗೆ ಐದು ಸಾವಿರ ರೂಪಾಯಿಯಂತೆ ಮೊದಲೇ ಒಟ್ಟುಗೂಡಿಸಿ ಅತ್ತಿಗೆಯವರ ಕೈಗೆ ಕೊಟ್ಟೆವು. ಊಟ, ಇಂಧನ, ಪ್ರವೇಶ ಶುಲ್ಕ, ಕೊನೆಗೆ ದೇವಸ್ಥಾನದ ಹುಂಡಿಯ ಹೊರತು ಎಲ್ಲವೂ ಅದರಿಂದಲೇ. ಅರ್ಧದಷ್ಟನ್ನು ನೂರು, ಇನ್ನೂರರ ನೋಟುಗಳಾಗಿ ಇಟ್ಟುಕೊಂಡದ್ದು ಸಾರ್ಥಕವಾಯಿತು, ಏಕೆಂದರೆ ಕೆರೆಕಟ್ಟೆಯ ಆಚೆ ನೆಟ್‌ವರ್ಕ್ ಇಲ್ಲದ ಕಡೆ ಮೊಬೈಲಿನಲ್ಲಿ ಹಣ ಕಳಿಸುವ ಮಾತೇ ಇಲ್ಲ. ದಾರಿಯ ಊರುಗಳು, ಕವಲುಗಳು, ಉಳಿಯುವ ಮನೆಗಳ ದೂರವಾಣಿ ಸಂಖ್ಯೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪ್ರತಿ ಕಾರಿಗೆ ಒಂದರಂತೆ ಕೊಟ್ಟೆ. ಅದನ್ನು ನೋಡಿ ಹುಡುಗರು ನಕ್ಕರು.

ಮೊದಲ ದಿನ ಆರೂವರೆಗೇ ಹೊರಡಲು ಹಟ ಹಿಡಿದದ್ದು ಸಕ್ರೆಬೈಲಿಗಾಗಿ. ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿರುವ ಈ ಆನೆ ಬಿಡಾರ ನಮಗೆ ಹದಿನಾಲ್ಕು ಕಿಲೋಮೀಟರು ದೂರವಷ್ಟೇ. ಹತ್ತಿರವಿದ್ದುದರಿಂದಲೇ ನಮ್ಮಲ್ಲಿ ಅರ್ಧದಷ್ಟು ಜನ ಅದನ್ನು ನೋಡಿರಲಿಲ್ಲ. ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟ ಆನೆಗಳನ್ನು ಬೆಳಿಗ್ಗೆ ಮಾವುತರು ಕರೆತಂದು ನೀರಿಗಿಳಿಸುತ್ತಾರೆ, ಮಧ್ಯಾಹ್ನಕ್ಕೆ ಮುಂಚೆಯೇ ಎಲ್ಲ ಮುಗಿದಿರುತ್ತದೆ. ಪಕ್ಕಕ್ಕೆ ಮಲಗಿದ ಹೆಣ್ಣಾನೆಯೊಂದರ ಕಿವಿಯ ಹಿಂದಿನ ಮಡಿಕೆಯನ್ನು ಮಾವುತನು ಬ್ರಷ್ಷಿನಿಂದ ಉಜ್ಜುತ್ತಿದ್ದಾಗ ಅದು ಸೊಂಡಿಲಿನ ತುದಿಯನ್ನು ಮಾತ್ರ ನೀರಿನ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿತ್ತು. ಆತ ಕೈ ನಿಲ್ಲಿಸಿದರೆ ಅದು ಒಂದು ಕಣ್ಣು ತೆರೆಯುತ್ತಿತ್ತು. ತಂಗಿಯ ಮಗಳು ಇದನ್ನು ಮುಕ್ಕಾಲು ಗಂಟೆ ನೋಡಿದಳು, ನಾವೂ ಅವಳ ಜೊತೆಗೆ ನಿಂತೆವು. ಹಳೆಯ ಪ್ರವಾಸವಾಗಿದ್ದರೆ ಹತ್ತು ನಿಮಿಷಕ್ಕೆ ಎಬ್ಬಿಸಿಕೊಂಡು ಹೊರಡುತ್ತಿದ್ದೆವು.

ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಇನ್ನೂ ಅಷ್ಟಿಷ್ಟು ಉಳಿದಿದ್ದವು. ಮಳೆಗಾಲದಲ್ಲಿ ಗೂಡು ಕಟ್ಟಿ ಮರಿ ಮಾಡಿದ ಹಕ್ಕಿಗಳು ಆಗ ಜಾಗ ಖಾಲಿ ಮಾಡುವ ಹೊತ್ತು. ಮನೆಯಿಂದ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನವನ್ನು ತೀರ್ಥಹಳ್ಳಿ ದಾಟಿದ ಮೇಲೆ ಬಿಚ್ಚಿದೆವು. ಕುಂದಾದ್ರಿಯ ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿಯೂ ಬಂಡೆಯ ನಡುವಿನ ಕೊಳವೂ ಇವೆ. ಏರುವಾಗ ಮೂರನೆಯ ಕಾರಿನ ಕ್ಲಚ್ ಸುಟ್ಟ ವಾಸನೆ ಬಂದದ್ದರಿಂದ ಅದರಲ್ಲಿದ್ದ ಯುವಕರನ್ನು ಇಳಿಸಿ ನಡೆಸಿದೆವು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ಎಂಬುದನ್ನು ಓದಿದ್ದ ಹುಡುಗರಿಗೆ ಅಲ್ಲಿ ಸೂರ್ಯಾಸ್ತ ಕಾಣುವುದು ಎಷ್ಟು ಅಪರೂಪವೆಂಬುದನ್ನು ನಾನು ಬಿಡಿಸಿ ಹೇಳಿರಲಿಲ್ಲ. ಘಾಟಿಯ ತಲೆಯ ಕಟ್ಟೆಯ ಮೇಲೆ ಸಂಜೆ ಐದೂವರೆಗೆ ಕುಳಿತೆವು. ಆಕಾಶ ಶುಭ್ರವಾಗಿದ್ದರೆ ಅರಬ್ಬಿ ಸಮುದ್ರದವರೆಗೂ ಕಾಣುವ ಆ ಜಾಗದಲ್ಲಿ ಅಂದು ಕೆಳಗಿನ ತಿರುವೂ ಕಾಣದಷ್ಟು ಮಂಜು ಕವಿದಿತ್ತು. ಹದಿನಾಲ್ಕು ಹಿಮ್ಮುರಿ ತಿರುವುಗಳನ್ನು ಏರಿ ಬರುತ್ತಿದ್ದ ವಾಹನಗಳ ಹಾರನ್ ಮೊದಲು ಕೇಳಿ, ಬಳಿಕ ಹಳದಿ ದೀಪ ಮೂಡಿ, ಕೊನೆಗೆ ವಾಹನ ಕಾಣುತ್ತಿತ್ತು. ರಾತ್ರಿ ಉಳಿದ ಮನೆಯವರು 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಆರಂಭವಾದುದನ್ನೂ, ಅಲ್ಲಿಯವರು ಕಾಳಿಂಗ ಸರ್ಪಗಳ ಬೆನ್ನು ಹತ್ತಿ ಅಧ್ಯಯನ ಮಾಡಿದ್ದನ್ನೂ ಹೇಳುತ್ತಿದ್ದಾಗ ಅಕ್ಕನ ಮಗ ಮೆಲ್ಲಗೆ ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎತ್ತಿಕೊಂಡನು. ಎತ್ತಿದ ಪಾದದ ಬೆರಳ ಸಂದಿಯಲ್ಲಿ ಗುಂಡಗಾದ ಇಂಬಳವೊಂದು ಇತ್ತು. ಸುಣ್ಣ ಮುಟ್ಟಿಸಿದೊಡನೆ ಅದು ಬಿತ್ತು. ರಕ್ತ ಮಾತ್ರ ಬಹಳ ಹೊತ್ತು ನಿಲ್ಲಲಿಲ್ಲ. ಮರುದಿನದಿಂದ ಎಲ್ಲರೂ ಹೇಳದೆಯೇ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡರು.

ಶೃಂಗೇರಿಯಲ್ಲಿ ದರ್ಶನ, ವಿದ್ಯಾಶಂಕರ ದೇವಾಲಯದ ರಾಶಿ ಕಂಬಗಳು, ಹೊಳೆಯ ಮೀನು, ಪ್ರಸಾದ ಎಲ್ಲವೂ ಎಲ್ಲರಿಗೂ ತಿಳಿದದ್ದೇ. ನಾನು ಗಮನವಿಟ್ಟು ಮಾಡಿದ ಕೆಲಸವೆಂದರೆ ಮೂರೂ ಕಾರುಗಳ ಟ್ಯಾಂಕ್ ತುಂಬಿಸಿ, ಚಕ್ರಗಳ ಗಾಳಿ ನೋಡಿಸಿ, ಎಲ್ಲರೂ ಶೌಚಕ್ಕೆ ಹೋಗಿಬಂದರೆಂದು ಖಚಿತಪಡಿಸಿಕೊಂಡದ್ದು. ಮುಂದಿನದು ರಾಷ್ಟ್ರೀಯ ಉದ್ಯಾನದ ದಾರಿ. ತನಿಕೋಡು ಚೆಕ್‌ಪೋಸ್ಟಿನಲ್ಲಿ ವಾಹನದ ಸಂಖ್ಯೆ ಮತ್ತು ಹೊತ್ತು ಬರೆದ ಚೀಟಿ ಕೊಟ್ಟರು. ನಿಗದಿತ ಅವಧಿಯಲ್ಲಿ ಆಚೆ ದಾಟಬೇಕು, ನಡುವೆ ಕಂಡಕಂಡಲ್ಲಿ ನಿಲ್ಲಿಸಿ ಊಟಕ್ಕೆ ಕೂರಬಾರದು, ಕಸ ಎಸೆಯಬಾರದು.

ಎಡವಿದ್ದು ಇಲ್ಲಿಯೇ. ಪ್ರತಿ ಕವಲಿನಲ್ಲೂ ಹಿಂದಿನ ಕಾರಿನ ದೀಪ ಕಾಣುವವರೆಗೆ ಮುಂದಿನ ಕಾರು ನಿಲ್ಲಬೇಕೆಂಬ ನಿಯಮವನ್ನು ನಾನೇ ಮಾಡಿದ್ದೆ. ಎಸ್.ಕೆ. ಬಾರ್ಡರ್, ಅಂದರೆ ಹಳೆಯ ಸೌತ್ ಕೆನರಾ ಗಡಿಯ ಕವಲಿನಲ್ಲಿ ಒಂದು ದಾರಿ ಘಾಟಿ ಇಳಿದು ಕಾರ್ಕಳದ ಕಡೆಗೂ ಇನ್ನೊಂದು ಕುದುರೆಮುಖದ ಕಡೆಗೂ ಹೋಗುತ್ತದೆ. ಮಂಜಿನಲ್ಲಿ ಹಿಂದೆ ಕಂಡ ಎರಡು ಜೋಡಿ ದೀಪಗಳನ್ನು ನಮ್ಮವೇ ಎಂದು ಭಾವಿಸಿ ನಾನು ಮುಂದೆ ಹೋದೆ. ಹನುಮನಗುಂಡಿ ಜಲಪಾತದ ಬಳಿ ನಿಲ್ಲಿಸಿ ನೋಡಿದರೆ ಎರಡನೆಯ ಜೋಡಿ ದೀಪ ಯಾವುದೋ ಅಪರಿಚಿತ ಜೀಪಿನದು. ಭಾವ, ಅಕ್ಕ, ಅಮ್ಮ ಮತ್ತು ಅಕ್ಕನ ಮಗ ಇದ್ದ ಕಾರು ಇಲ್ಲ. ಫೋನಿನಲ್ಲಿ ಒಂದು ಗೆರೆಯೂ ಇಲ್ಲ. ಎಲ್ಲರೂ ಹಿಂದಕ್ಕೆ ಓಡಿದರೆ ದಾರಿಯಲ್ಲಿ ಒಬ್ಬರನ್ನೊಬ್ಬರು ದಾಟಿ ಹೋಗಬಹುದೆಂದು ಒಂದು ಕಾರನ್ನು ಅಲ್ಲಿಯೇ ಬಿಟ್ಟು, ನಾನೊಬ್ಬನೇ ಕವಲಿಗೆ ಮರಳಿ, ಅಲ್ಲಿಂದ ಕದಲದೆ ಕಾದೆ. ಆ ನಲವತ್ತು ನಿಮಿಷಗಳಲ್ಲಿ ನಾನು ಹೊರದ ಹರಕೆಯಿಲ್ಲ.

ಅವರು ಬಸ್ಸೊಂದರ ಹಿಂದೆ ಸಿಕ್ಕಿಕೊಂಡು ಅದನ್ನೇ ಹಿಂಬಾಲಿಸಿ ಘಾಟಿಯಲ್ಲಿ ಸಾಕಷ್ಟು ದೂರ ಇಳಿದಿದ್ದರು. ದಾರಿ ತಪ್ಪಿದ್ದನ್ನು ಕಂಡುಹಿಡಿದವರು ಅಮ್ಮ. ಹುಡುಗರು ನಕ್ಕಿದ್ದ ಆ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಪ್ರತಿ ಊರಿಗೂ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದ ಅವರು, ಕಿಲೋಮೀಟರ್ ಕಲ್ಲಿನ ಮೇಲೆ ಕಾರ್ಕಳವೆಂದು ಓದಿ, “ಈ ಊರು ನಮ್ಮ ಚೀಟೀಲೇ ಇಲ್ವಲ್ಲೋ, ಗಾಡಿ ನಿಲ್ಸು” ಎಂದರಂತೆ. ಭಾವ ಕಾರಿನಿಂದ ಇಳಿದವರೇ, “ನಿಮ್ಮ ನಿಯಮ ನೀವೇ ಮುರಿದ್ರಲ್ಲ ಮಾರಾಯ್ರೆ” ಎಂದರು. ಎದುರಾಡಲು ನನ್ನಲ್ಲಿ ಮಾತಿರಲಿಲ್ಲ. ಆಚೆಯ ಚೆಕ್‌ಪೋಸ್ಟಿನಲ್ಲಿ ತಡವಾದ ಕಾರಣವನ್ನು ವಿವರಿಸಿದಾಗ ಸಿಬ್ಬಂದಿ ಚೀಟಿಯನ್ನೂ ಅಮ್ಮನ ಮುಖವನ್ನೂ ನೋಡಿ ಬಿಟ್ಟುಕೊಟ್ಟರು. ಅಂದಿನಿಂದ ಕ್ರಮ ಬದಲಾಯಿಸಿದೆವು: ಹೊಸಬರಾದ ಚಾಲಕರು ನಡುವೆ, ದಾರಿ ಬಲ್ಲವರು ಕೊನೆಗೆ, ಕವಲಿನಲ್ಲಿ ದೀಪ ನೋಡುವುದಲ್ಲ, ಕಾರಿನ ಸಂಖ್ಯೆ ಓದುವುದು.

ಮಂಜು ಹರಿದ ಮೇಲೆ ಕಂಡ ಕುದುರೆಮುಖದ ಗುಡ್ಡಗಳ ಬಗ್ಗೆ ಒಂದು ಮಾತು. ನೆತ್ತಿಯೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ದಟ್ಟವಾದ ಶೋಲಾ ಕಾಡು. ಹುಲ್ಲಿನ ಬೇರೂ ಶೋಲೆಯ ತರಗೆಲೆಯ ಹಾಸೂ ಮಳೆಯನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವುದರಿಂದಲೇ ನಮ್ಮ ನಲ್ಲಿಯಲ್ಲಿ ಏಪ್ರಿಲಿನಲ್ಲೂ ನೀರು ಬರುತ್ತದೆ ಎಂಬುದನ್ನು ಮಕ್ಕಳಿಗೆ ಅಲ್ಲಿ ತೋರಿಸಿ ಹೇಳಿದರೆ ಅರ್ಥವಾಗುತ್ತದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಮೇಲೂ ಇಲ್ಲಿ ಕಬ್ಬಿಣದ ಅದಿರಿನ ಗಣಿ ನಡೆದೇ ಇತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಗಣಿಯ ಹೂಳನ್ನು ತಡೆಯಲು ಕಟ್ಟಿದ ಲಕ್ಯಾ ಅಣೆಕಟ್ಟು ಈಗಲೂ ಅಲ್ಲಿದೆ. ಪಾಳು ಬಿದ್ದ ನೌಕರರ ಮನೆಗಳ ಸಾಲನ್ನು ದಾಟುವಾಗ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ. ಶಿಖರದ ಚಾರಣಕ್ಕೆ ಅರಣ್ಯ ಇಲಾಖೆಯ ಮುಂಗಡ ಅನುಮತಿ ಬೇಕು; ನಮ್ಮ ಗುಂಪಿಗೆ ಅದು ಹೇಳಿ ಮಾಡಿಸಿದ್ದೂ ಅಲ್ಲ.

ಕಳಸದಲ್ಲಿ ಭದ್ರೆ ಸಿಕ್ಕಳು. ಮರುದಿನ ಬೆಳಿಗ್ಗೆ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ದರ್ಶನ ಮಾಡಿ, ಕಾಫಿ ತೋಟಗಳ ನಡುವೆ ನಿಧಾನವಾಗಿ ಸಾಗಿ, 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿರುವ ಬಾಳೆಹೊನ್ನೂರನ್ನು ದಾಟಿ, ನರಸಿಂಹರಾಜಪುರದ ಮೇಲೆ ಹಾದು ಸಂಜೆಗೆ ಲಕ್ಕವಳ್ಳಿ ಸೇರಿದೆವು. ಆ ದಿನ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ವ್ಯವಸ್ಥೆ ಮಾಡಿದವನಿಗೆ ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ.

ಭದ್ರಾ ರಾಷ್ಟ್ರೀಯ ಉದ್ಯಾನವಲ್ಲ, ವನ್ಯಜೀವಿ ಅಭಯಾರಣ್ಯ; 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಕಾಡಿನೊಳಗಿದ್ದ ಹಳ್ಳಿಗಳು ಈ ಶತಮಾನದ ಆರಂಭದಲ್ಲಿ ಹೊರಗೆ ಸ್ಥಳಾಂತರಗೊಂಡವು. ಸಫಾರಿಯ ಜೀಪು ಹಾದ ಒಂದೆಡೆ ಕಾಡಿನ ನಡುವೆ ಹುಣಸೆ, ಹಲಸಿನ ಮರಗಳು ಒತ್ತಾಗಿ ನಿಂತಿದ್ದನ್ನು ಕಂಡು, “ಇಲ್ಲಿ ಮನೆ ಇದ್ದಿರಬೇಕು” ಎಂದು ತೋಟದ ಭಾವ ತಟ್ಟನೆ ಗುರುತಿಸಿದರು. ಬೆಳಗಿನ ಸಫಾರಿಯಲ್ಲಿ ಹುಲಿ ಕಾಣಲಿಲ್ಲ. ತಿರುವೊಂದರಲ್ಲಿ ನಿಂತಿದ್ದ ಒಂಟಿ ಕಾಟಿ (ಕಾಡುಕೋಣ), ಮೊಣಕಾಲಿನವರೆಗೆ ಬಿಳಿ ಕಾಲುಚೀಲ ಹಾಕಿದಂತಿದ್ದ ಕಾಲುಗಳನ್ನು ಅಲುಗಾಡಿಸದೆ ಜೀಪನ್ನೇ ನೋಡುತ್ತ ನಿಂತುಬಿಟ್ಟಿತು. ಚಾಲಕ ಎಂಜಿನ್ ಆರಿಸಿದಾಗ ಅದು ಮೂಗಿನಿಂದ ಬಿಟ್ಟ ಉಸಿರು ನಮಗೆ ಕೇಳಿಸಿತು. ಜಲಾಶಯ ತುಂಬಿದ್ದುದರಿಂದ ನಡುಗಡ್ಡೆಗಳೆಲ್ಲ ಮುಳುಗಿದ್ದವು. ನೀರು ಇಳಿದು ಅವು ಮೇಲೆದ್ದ ಮೇಲಷ್ಟೇ, ಬೇಸಿಗೆಯ ಹೊತ್ತಿಗೆ, ಅಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ. ಹಕ್ಕಿ ನೋಡುವ ಆಸೆಯಿರುವವರು ನಮ್ಮ ತಿಂಗಳನ್ನು ಆರಿಸಿಕೊಳ್ಳಬಾರದು.

ಮಧ್ಯಾಹ್ನದೊಳಗೆ ಭದ್ರಾವತಿಯ ಮೇಲೆ ಮನೆ ಸೇರಿದೆವು. ಅತ್ತಿಗೆ ಲೆಕ್ಕ ಒಪ್ಪಿಸಿದಾಗ ಅರವತ್ತು ಸಾವಿರದಲ್ಲಿ ಎಂಟುನೂರ ನಲವತ್ತು ರೂಪಾಯಿ ಉಳಿದಿತ್ತು. ಹಂಚಿದರೆ ತಲೆಗೆ ಎಪ್ಪತ್ತು. ಯಾರಿಗೂ ಬೇಡವಾದ ಆ ಹಣವನ್ನು ಅಮ್ಮ ಸೆರಗಿನಲ್ಲಿ ಕಟ್ಟಿಕೊಂಡು, ಮುಂದಿನ ಭಾನುವಾರ ಕೂಡ್ಲಿಗೆ ಹೋಗಿ ಎರಡೂ ಹೊಳೆ ಸೇರುವುದನ್ನು ನೋಡಿಕೊಂಡು ಬರೋಣವೆಂದರು. ಆ ದಿನ ಬಂದವರು ಐದೇ ಜನ, ಒಂದೇ ಕಾರು ಸಾಕಾಯಿತು. ದಾರಿಯ ಹಾಳೆಯನ್ನು ಅಮ್ಮನೇ ಬರೆದಿದ್ದರು. ಅದರಲ್ಲಿ ಇದ್ದದ್ದು ಎರಡು ಊರು.