ಹಳೆಯ ಪಿಕಪ್‌ನ ಹೆಡ್‌ಲೈಟ್ ಮಂಕಾಗಿದೆಯೇ? ಬಲ್ಬು ಕೊಳ್ಳುವ ಮೊದಲು ವೋಲ್ಟೇಜು ಅಳೆಯಿರಿ

ಬೆಳಗಿನ ಹರಾಜಿಗೆ ಟೊಮೆಟೊ ಕೋಲಾರದ ಎಪಿಎಂಸಿ ಮುಟ್ಟಬೇಕೆಂದರೆ ಎಷ್ಟೋ ಹಳ್ಳಿಗಳಿಂದ ಪಿಕಪ್ ಕತ್ತಲಲ್ಲೇ ಹೊರಡಬೇಕು. ಹತ್ತು ಹದಿನೈದು ವರ್ಷ ಓಡಿದ ಬೊಲೆರೊ ಪಿಕಪ್, ಟಾಟಾ 207ರಂಥ ಗಾಡಿಗಳ ಚಾಲಕರ ದೂರು ಸಾಮಾನ್ಯವಾಗಿ ಒಂದೇ: ‘ಲೈಟ್ ಉರಿಯುತ್ತೆ, ರಸ್ತೆ ಕಾಣಲ್ಲ.’ ಇದಕ್ಕೆ ಅಂಗಡಿಯಲ್ಲಿ ಥಟ್ಟನೆ ಸಿಗುವ ಮದ್ದು ಹೆಚ್ಚು ವ್ಯಾಟಿನ ಬಲ್ಬು, ಇಲ್ಲವೇ ಬಿಳಿ ಎಲ್‌ಇಡಿ. ಎರಡೂ ನೋವಿಲ್ಲದ ಜಾಗಕ್ಕೆ ಹಚ್ಚುವ ಮುಲಾಮು. ಹಳೆಯ ಗಾಡಿಯಲ್ಲಿ ಬೆಳಕು ಸೋರುವುದು ಹೆಚ್ಚಾಗಿ ಬಲ್ಬಿನಲ್ಲಲ್ಲ, ಬ್ಯಾಟರಿಯಿಂದ ಬಲ್ಬಿನವರೆಗಿನ ವೈರು, ಸ್ವಿಚ್ಚು ಮತ್ತು ಅರ್ತ್‌ನಲ್ಲಿ, ಅಂದರೆ ಕರೆಂಟು ಚಾಸಿಯ ಮೂಲಕ ಬ್ಯಾಟರಿಗೆ ಮರಳುವ ದಾರಿಯಲ್ಲಿ.

ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುತ್ತದೆ. ವೋಲ್ಟೇಜು ಶೇ 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ 30ರಷ್ಟು ಕುಗ್ಗುತ್ತದೆ. ಬ್ಯಾಟರಿಯಲ್ಲಿ 13.6 ವೋಲ್ಟ್ ಇದ್ದು ಬಲ್ಬಿನ ಹಿಂದೆ ಸಿಕ್ಕಿಸುವ ಹೋಲ್ಡರ್‌ಗೆ 11.8 ಮಾತ್ರ ಮುಟ್ಟಿದರೆ, ಮೂರನೇ ಒಂದು ಭಾಗಕ್ಕೂ ಹೆಚ್ಚು ಬೆಳಕು ದಾರಿಯಲ್ಲೇ ಕಳೆದಂತೆ. ಇಂಥ ಗಾಡಿಗೆ ಎಷ್ಟು ದುಬಾರಿ ಬಲ್ಬು ಹಾಕಿದರೂ ಅದೇ ಮಬ್ಬು.

ಲಕ್ಷಣ ನೋಡಿ ಜಾಗ ಹಿಡಿಯಿರಿ

ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಎಚ್4 ಬಲ್ಬು. ಒಂದೇ ಗಾಜಿನೊಳಗೆ ಎರಡು ಫಿಲಮೆಂಟ್, ಹಿಂದೆ ಮೂರು ಪಿನ್ನು. ಹೈ ಬೀಮ್‌ಗೆ 60 ವ್ಯಾಟ್, ಡಿಮ್‌ಗೆ 55. ಒಂದೇ ಬದಿಯಲ್ಲಿ ಡಿಮ್ ಹೋಗಿ ಹೈ ಬೀಮ್ ಉರಿಯುತ್ತಿದ್ದರೆ ಫಿಲಮೆಂಟ್ ಕಡಿದಿರುವ ಸಾಧ್ಯತೆಯೇ ಹೆಚ್ಚು, ಬಲ್ಬು ಬದಲಿಸಿ. ಎರಡೂ ಬದಿಯ ಡಿಮ್ ಒಟ್ಟಿಗೆ ಹೋದರೆ ಫ್ಯೂಸು ಮತ್ತು ಡಿಪ್ಪರ್ ಸ್ವಿಚ್ ನೋಡಿ. ಡಿಮ್ ಬಳಕೆ ಹೆಚ್ಚು, ಹಾಗಾಗಿ ಎರಡೂ ಫಿಲಮೆಂಟ್ ಕೆಲವೇ ದಿನಗಳ ಅಂತರದಲ್ಲಿ ಹೋಗಿರುವುದೂ ಉಂಟು. ಹೈ ಬೀಮ್ ಹಾಕಿದಾಗ ಒಂದು ಬದಿಯಲ್ಲಿ ಎರಡೂ ಫಿಲಮೆಂಟ್ ಕೆಂಪಗೆ ಮಿಣುಕಿದರೆ, ಅಥವಾ ಅದೇ ಬದಿಯ ಪಾರ್ಕಿಂಗ್ ಲೈಟು ತಾನಾಗಿ ಹೊತ್ತಿಕೊಂಡರೆ, ಅದು ಅರ್ತ್ ದೋಷ. ಕರೆಂಟಿಗೆ ಚಾಸಿಗೆ ಮರಳುವ ನೇರ ದಾರಿ ಸಿಗದೆ ಪಕ್ಕದ ಫಿಲಮೆಂಟಿನ ಮೂಲಕ ಸುತ್ತು ಹಾಕುತ್ತಿರುತ್ತದೆ.

ಹೊಸ ಬಲ್ಬು ಹಾಕಿದ ಮೊದಲ ರಾತ್ರಿಯೇ ಮಂದ ಕೆಂಪು ಬೆಳಕು ಬಂದರೆ ಬಲ್ಬಿನ ಬುಡದ ಬರಹ ಓದಿ. ದೊಡ್ಡ ಲಾರಿಗಳ 24 ವೋಲ್ಟಿನ ಎಚ್4 ಕೂಡ ನೋಡಲು ಹಾಗೆಯೇ ಇರುತ್ತದೆ. ಅದರ ಮೇಲೆ 75/70 ಎಂದಿರುತ್ತದೆ.

ಅಳೆಯುವ ಕ್ರಮ

ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. 20 ವೋಲ್ಟ್ ಡಿಸಿಗೆ ಇಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಚಾಲೂ ಮಾಡಿ, ಒಬ್ಬರು ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದು ಡಿಮ್ ಹಾಕಲಿ.

ಮೊದಲು ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳೆಯಿರಿ. 13.5ರಿಂದ 14.4ರೊಳಗೆ ಇದ್ದರೆ ಚಾರ್ಜಿಂಗ್ ಸರಿಯಿದೆ. 13ಕ್ಕಿಂತ ಕೆಳಗಿದ್ದರೆ ಆಲ್ಟರ್ನೇಟರ್ ಬೆಲ್ಟು, ಬ್ಯಾಟರಿ ಟರ್ಮಿನಲ್ ಕಡೆ ಗಮನ ಕೊಡಿ; ಹೆಡ್‌ಲೈಟಿನ ಕೆಲಸ ಆಮೇಲೆ. 15ರ ಹತ್ತಿರ ತೋರಿಸಿದರೆ ರೆಗ್ಯುಲೇಟರ್ ಕೆಟ್ಟಿದೆ. ತಿಂಗಳಿಗೊಂದು ಬಲ್ಬು ಸುಟ್ಟುಹೋಗುವ ಗಾಡಿಗಳಲ್ಲಿ ಮೊದಲು ಶಂಕಿಸಬೇಕಾದದ್ದು ಇದನ್ನೇ.

ಈಗ ಹೋಲ್ಡರ್. ಇಲ್ಲಿ ಒಂದು ಎಚ್ಚರ: ಹೋಲ್ಡರ್ ಬಲ್ಬಿನಲ್ಲೇ ಇರಬೇಕು, ಬಲ್ಬು ಉರಿಯುತ್ತಲೇ ಇರಬೇಕು. ಹೋಲ್ಡರ್ ಕಳಚಿ ಅಳೆದರೆ ಕರೆಂಟು ಹರಿಯುವುದಿಲ್ಲ, ಕೊಳೆತ ವೈರು ಕೂಡ ಪೂರ್ತಿ ವೋಲ್ಟೇಜು ತೋರಿಸಿ ನಂಬಿಸಿಬಿಡುತ್ತದೆ. ವೈರು ಹೋಲ್ಡರ್‌ನೊಳಗೆ ಹೋಗುವ ಹಿಂಬದಿಯ ಸಂದಿಯಿಂದ ಮೀಟರಿನ ಮೊನೆ ತೂರಿಸಿ. ಕೆಂಪು ಮೊನೆ ಬ್ಯಾಟರಿಯ ಪಾಸಿಟಿವ್‌ಗೆ, ಕಪ್ಪು ಮೊನೆ ಉರಿಯುತ್ತಿರುವ ಫಿಲಮೆಂಟಿನ ಪಿನ್ನಿಗೆ. ಮೀಟರ್ ತೋರಿಸುವುದೇ ಬರುವ ದಾರಿಯ ನಷ್ಟ. ಅರ್ಧ ವೋಲ್ಟಿನವರೆಗೆ ಒಪ್ಪಬಹುದು. ಹಳೆಯ ಗಾಡಿಗಳಲ್ಲಿ ಒಂದೂವರೆ, ಎರಡು ವೋಲ್ಟ್ ಕಾಣುವುದು ಅಪರೂಪವಲ್ಲ. ಆಮೇಲೆ ಕೆಂಪು ಮೊನೆ ಅರ್ತ್ ಪಿನ್ನಿಗೆ, ಕಪ್ಪು ಮೊನೆ ಬ್ಯಾಟರಿಯ ನೆಗೆಟಿವ್‌ಗೆ. ಇದು ಮರಳುವ ದಾರಿಯ ನಷ್ಟ, 0.2 ವೋಲ್ಟ್ ದಾಟಬಾರದು. ಎರಡೂ ಬದಿಗೆ ಬೇರೆ ಬೇರೆಯಾಗಿ ಅಳೆದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಅರ್ತ್: ಬಿಡಿಭಾಗಕ್ಕೆ ಖರ್ಚಿಲ್ಲದ ರಿಪೇರಿ

ಹೋಲ್ಡರ್‌ನ ಅರ್ತ್ ವೈರನ್ನು ಕೈಯಲ್ಲಿ ಹಿಡಿದು ಅದು ಹೋದಲ್ಲಿಗೆ ಹೋಗಿ. ಹೆಡ್‌ಲೈಟಿನ ಆಸುಪಾಸಿನ ತಗಡಿಗೆ ಬೋಲ್ಟು ಮಾಡಿದ ಉಂಗುರದ ಟರ್ಮಿನಲ್ ಸಿಗುತ್ತದೆ. ಬಿಚ್ಚಿ ನೋಡಿದರೆ ಉಂಗುರದ ಕೆಳಗೆ ಕಂದು ತುಕ್ಕು, ವೈರು ಕ್ರಿಂಪ್ ಆದ ಕಡೆ ಹಸಿರು ಕಿಲುಬು, ಎಷ್ಟೋ ಸಲ ಅಡಿಯಲ್ಲಿ ಟಿಂಕರಿಂಗ್ ಅಂಗಡಿಯವರು ಹೊಡೆದ ಬಣ್ಣ. ಬಣ್ಣದ ಮೂಲಕ ಕರೆಂಟು ಹರಿಯದು. ತಗಡು ಬೆಳ್ಳಗೆ ಹೊಳೆಯುವವರೆಗೆ ಉಪ್ಪುಕಾಗದದಲ್ಲಿ ಉಜ್ಜಿ, ಉಂಗುರದ ಎರಡೂ ಮೈ ಉಜ್ಜಿ, ಹಲ್ಲಿನ ವಾಷರ್ ಕೊಟ್ಟು ಬಿಗಿಯಿರಿ. ಮೇಲೆ ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಸವರಿ. ಸವರುವುದು ಬಿಗಿದ ಮೇಲೆ, ಮೊದಲಲ್ಲ. ವೈರಿನ ಸಿಪ್ಪೆ ಸುಲಿದಾಗ ತಾಮ್ರ ಕಪ್ಪಗಿದ್ದರೆ ಅಷ್ಟು ಭಾಗ ಕತ್ತರಿಸಿ ಹೊಸ ಟರ್ಮಿನಲ್ ಹಾಕಿ. ಕರಾವಳಿಯಲ್ಲಿ, ಅದರಲ್ಲೂ ಮೀನು ಸಾಗಿಸುವ ಗಾಡಿಗಳಲ್ಲಿ, ಉಪ್ಪುನೀರು ಈ ಜಾಗವನ್ನು ಬೇಗ ತಿನ್ನುತ್ತದೆ. ಅಲ್ಲಿ ಪ್ರತಿ ಮಳೆಗಾಲದ ಮೊದಲು ಇದನ್ನು ಬಿಚ್ಚಿ ನೋಡಬೇಕು.

ಬಲ್ಬು ಬದಲಿಸುವುದು

ಲೈಟು ಆರಿಸಿ ಹತ್ತು ನಿಮಿಷ ಬಿಡಿ. ಹೋಲ್ಡರನ್ನು ವೈರು ಹಿಡಿದು ಎಳೆಯಬೇಡಿ. ಎರಡು ಪಕ್ಕ ಹಿಡಿದು ಮೇಲೆ ಕೆಳಗೆ ಅಲುಗಿಸುತ್ತ ನೇರ ಹಿಂದಕ್ಕೆ ತೆಗೆಯಿರಿ. ಆಮೇಲೆ ರಬ್ಬರ್ ಬೂಟು, ಅದರ ಒಳಗೆ ಸ್ಪ್ರಿಂಗ್ ತಂತಿಯ ಕ್ಲಿಪ್ಪು. ಬ್ಯಾಟರಿ ಅಡ್ಡ ಬಂದು ಕೈ ಹೋಗದಿದ್ದರೆ ಬ್ಯಾಟರಿ ಸರಿಸಿ. ಕಾಣದ ಜಾಗದಲ್ಲಿ ಬೆರಳಂದಾಜಿನಲ್ಲಿ ಕ್ಲಿಪ್ಪು ಹಾಕಲು ಹೋಗಿಯೇ ಬಲ್ಬು ಓರೆಯಾಗಿ ಕೂರುವುದು.

ಹೊಸ ಬಲ್ಬನ್ನು ಲೋಹದ ಬುಡದಲ್ಲಷ್ಟೇ ಹಿಡಿಯಿರಿ. ಬೆರಳಿನ ಎಣ್ಣೆ, ಬೆವರಿನ ಉಪ್ಪು ಅಂಟಿದ ಜಾಗ ನೂರಾರು ಡಿಗ್ರಿ ಬಿಸಿಯಲ್ಲಿ ದುರ್ಬಲವಾಗಿ ಗಾಜು ಒಡೆಯಬಹುದು. ಮುಟ್ಟಿದ್ದರೆ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ. ಬುಡದ ಬಿಲ್ಲೆಗೆ ಮೂರು ಕಿವಿಗಳಿವೆ, ಮೂರರ ಅಂತರ ಒಂದೇ ಅಲ್ಲ. ಸರಿಯಾದ ಒಂದೇ ರೀತಿಯಲ್ಲಿ ಅದು ಅಲ್ಲಾಡದೆ ಕೂರುತ್ತದೆ. ಬೂಟಿನ ಮೇಲೆ ‘ಟಾಪ್’ ಎಂಬ ಗುರುತಿದ್ದರೆ ಅದು ಮೇಲಕ್ಕೇ ಬರಲಿ. ಬೂಟು ಹರಿದಿದ್ದರೆ ಹೊಸದು ಹಾಕಿ. ನೀರು ಒಳಹೊಕ್ಕರೆ ಮೊದಲು ಹಾಳಾಗುವುದು ರಿಫ್ಲೆಕ್ಟರ್. ಗಾಜು ಕಪ್ಪಾಗಿದ್ದ ಹಳೆ ಬಲ್ಬು ಆಯಸ್ಸು ಮುಗಿದದ್ದು, ಅದರ ಜೋಡಿಯದೂ ಮುಗಿಯುತ್ತ ಬಂದಿರುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸುವುದೇ ಸರಿ.

ಇನ್ನೂ ಹಳೆಯ ಜೀಪ್ ಮಾದರಿಯ ಪಿಕಪ್‌ಗಳಲ್ಲಿ ಏಳು ಇಂಚಿನ ಗುಂಡು ಹೆಡ್‌ಲೈಟು ಇರುತ್ತದೆ. ಅದಕ್ಕೆ ಕೈ ಹಾಕುವುದು ಮುಂದಿನಿಂದ. ಹೊರಗಿನ ಬಳೆ ತೆಗೆದ ಮೇಲೆ ಒಳಬಳೆಯನ್ನು ಹಿಡಿದಿರುವ ಸಣ್ಣ ಸ್ಕ್ರೂಗಳನ್ನು ಸಡಿಲಿಸಿ. ಸ್ಪ್ರಿಂಗ್ ಇರುವ ಎರಡು ಉದ್ದನೆಯ ಸ್ಕ್ರೂ ಮುಟ್ಟಬೇಡಿ. ಅವು ಬೆಳಕಿನ ದಿಕ್ಕು ತಿದ್ದುವಂಥವು.

ರಿಲೇ ಹಾಕಿದರೆ ಗಾಡಿಯ ಕಣ್ಣು ತೆರೆಯುತ್ತದೆ

ಅರ್ತ್ ಸರಿಯಾದ ಮೇಲೂ ಬರುವ ದಾರಿಯಲ್ಲಿ ಒಂದು ವೋಲ್ಟಿಗೂ ಹೆಚ್ಚು ನಷ್ಟ ಇದ್ದರೆ ರಿಲೇ ಬೇಕು, ಅಂದರೆ ಸಣ್ಣ ಕರೆಂಟಿನ ಸಂಜ್ಞೆಯಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು. ರಿಲೇ ಇಲ್ಲದ ಹಳೆಯ ವೈರಿಂಗಿನಲ್ಲಿ ಎರಡು ಬಲ್ಬಿನ ಸುಮಾರು 10 ಆಂಪಿಯರ್ ಕರೆಂಟು ಸ್ಟೀರಿಂಗ್ ಬಳಿಯ ಸ್ವಿಚ್ಚಿಗೆ ಹೋಗಿ, ಅದರ ಸವೆದ ಪಾಯಿಂಟು ದಾಟಿ, ತೆಳು ವೈರಿನಲ್ಲಿ ಮತ್ತೆ ಮುಂದಕ್ಕೆ ಬರುತ್ತದೆ. ರಿಲೇ ಹಾಕಿದರೆ ಸ್ವಿಚ್ಚಿಗೆ ಬರಿಯ ಸಂಜ್ಞೆ, ಕರೆಂಟು ಬ್ಯಾಟರಿಯಿಂದ ನೇರ ಬಲ್ಬಿಗೆ. ಬೇಕಾದ ಸಾಮಾನು: 12 ವೋಲ್ಟ್ 30 ಆಂಪಿಯರಿನ ನಾಲ್ಕು ಪಿನ್ನಿನ ರಿಲೇ ಎರಡು, ಡಿಮ್‌ಗೊಂದು ಹೈ ಬೀಮ್‌ಗೊಂದು, 15 ಆಂಪಿಯರ್ ಫ್ಯೂಸು ಮತ್ತು ಮುಚ್ಚಳವಿರುವ ಫ್ಯೂಸ್ ಹೋಲ್ಡರ್ ಎರಡೆರಡು, ಸೆರಾಮಿಕ್ ಎಚ್4 ಹೋಲ್ಡರ್ ಎರಡು, 2.5 ಚದರ ಮಿ.ಮೀ. ಆಟೊ ವೈರು ಆರೇಳು ಮೀಟರ್, ಸಂಜ್ಞೆಗೆ 1 ಚದರ ಮಿ.ಮೀ. ವೈರು ಎರಡು ಮೀಟರ್. ಟರ್ಮಿನಲ್, ಸ್ಲೀವ್, ಟೈ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಎಲ್ಲ ಜೋಡಿಸಿದ ರೆಡಿಮೇಡ್ ಕಿಟ್ಟನ್ನೂ ಕೇಳಬಹುದು. ಕೊಂಡರೆ ವೈರಿನ ದಪ್ಪ ನೋಡಿಯೇ ಕೊಳ್ಳಿ. ಹೊರಗಿನ ಪ್ಲಾಸ್ಟಿಕ್ ದಪ್ಪ, ಒಳಗಿನ ತಾಮ್ರ ತೆಳು ಇದ್ದರೆ ಹಳೆಯ ಕಥೆಯೇ ಮರಳುತ್ತದೆ.

ಬ್ಯಾಟರಿಯ ನೆಗೆಟಿವ್ ಕಳಚಿ ಕೆಲಸ ಶುರು ಮಾಡಿ. ರಿಲೇಯ ಬುಡದಲ್ಲಿ ಸಂಖ್ಯೆಗಳಿವೆ. 30ಕ್ಕೆ ಬ್ಯಾಟರಿಯ ಪಾಸಿಟಿವ್‌ನಿಂದ ಫ್ಯೂಸಿನ ಮೂಲಕ ವೈರು. ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ, ದೂರವಾದಷ್ಟೂ ಕಾವಲಿಲ್ಲದ ವೈರು ಉದ್ದವಾಗುತ್ತದೆ. 87ರಿಂದ ಎರಡೂ ಬದಿಯ ಹೊಸ ಹೋಲ್ಡರ್‌ಗಳ ಆಯಾ ಪಿನ್ನಿಗೆ. 86ಕ್ಕೆ ಹಳೆಯ ಒಂದು ಹೋಲ್ಡರ್‌ಗೆ ಬರುತ್ತಿದ್ದ ಡಿಮ್ ವೈರು, ಎರಡನೇ ರಿಲೇಗೆ ಹೈ ಬೀಮ್ ವೈರು. 85 ಅರ್ತ್‌ಗೆ. ಹೊಸ ಹೋಲ್ಡರ್‌ಗಳ ಅರ್ತ್‌ಗೂ 2.5ರ ವೈರೇ ಬೇಕು. ಹಳೆಯ ಎರಡನೇ ಹೋಲ್ಡರ್‌ಗೆ ಟೇಪು ಸುತ್ತಿ ಕಟ್ಟಿಡಿ. ಕೆಲವು ಗಾಡಿಗಳಲ್ಲಿ ಸ್ವಿಚ್ಚು ಕಡಿಯುವುದು ಪಾಸಿಟಿವನ್ನಲ್ಲ, ಅರ್ತನ್ನು. ಹಳೆ ಹೋಲ್ಡರ್‌ನ ಒಂದು ಪಿನ್ನಿನಲ್ಲಿ ಡಿಮ್‌ನಲ್ಲೂ ಹೈ ಬೀಮ್‌ನಲ್ಲೂ ಪಾಸಿಟಿವ್ ಇದ್ದರೆ ನಿಮ್ಮದು ಆ ಜಾತಿ. ಆಗ ಎರಡೂ ರಿಲೇಯ 86ಕ್ಕೆ ಆ ಪಾಸಿಟಿವ್, 85ಕ್ಕೆ ಆಯಾ ಸ್ವಿಚ್ ವೈರು. ರಿಲೇ ಕೂರಿಸುವಾಗ ಪಿನ್ನುಗಳು ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ.

ಮುಗಿದ ಮೇಲೆ ಮತ್ತೆ ಅಳೆಯಿರಿ. ಒಟ್ಟು ನಷ್ಟ ಅರ್ಧ ವೋಲ್ಟಿಗಿಂತ ಕೆಳಗೆ ಬಂದಿರಬೇಕು.

100/90 ವ್ಯಾಟಿನ ಬಲ್ಬು ಹಾಕುವ ಆಸೆ ಬೇಡ. ಮಾಮೂಲಿ ಪ್ಲಾಸ್ಟಿಕ್ ಹೋಲ್ಡರ್ ಅದರ ಕಾವಿಗೆ ಕರಗುತ್ತದೆ, ರಿಫ್ಲೆಕ್ಟರ್ ಸುಡುತ್ತದೆ. ಎಲ್‌ಇಡಿಯ ತೊಂದರೆ ಬೇರೆ. ಎಚ್4 ಬಲ್ಬಿನೊಳಗೆ ಡಿಮ್ ಫಿಲಮೆಂಟಿನ ಕೆಳಗೆ ಪುಟ್ಟ ಲೋಹದ ಬಟ್ಟಲಿದೆ. ಬೆಳಕು ಮೇಲಕ್ಕೆ ಚಿಮ್ಮದಂತೆ ತಡೆಯುವುದು ಅದೇ. ರಿಫ್ಲೆಕ್ಟರಿನ ಆಕಾರವೂ ಆ ಫಿಲಮೆಂಟಿನ ಜಾಗಕ್ಕೆ ಲೆಕ್ಕ ಹಾಕಿದ್ದು. ಆ ಜಾಗದಲ್ಲಿ ಕೂರದ ಎಲ್‌ಇಡಿ ಚಿಪ್ಪು ಬೆಳಕನ್ನು ಎದುರು ಬರುವವರ ಕಣ್ಣಿಗೆ ಎರಚುತ್ತದೆ. ಚಾರ್ಮಾಡಿಯ ಮಂಜಿನಲ್ಲಿ ಆ ಬೆಳಕೇ ಬಿಳಿ ಗೋಡೆಯಾಗಿ ನಿಮ್ಮ ಕಣ್ಣಿಗೂ ಅಡ್ಡ ನಿಲ್ಲುತ್ತದೆ.

ಗಾಜು, ರಿಫ್ಲೆಕ್ಟರ್

ಲೆನ್ಸ್ ಪ್ಲಾಸ್ಟಿಕ್ಕಿನದಾಗಿ ಹಳದಿ ತಿರುಗಿದ್ದರೆ 800, 1500, 2000ರ ವಾಟರ್ ಪೇಪರ್ ಕ್ರಮವಾಗಿ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ. ಮೇಲೆ ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆಯದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಗಾಜಿನ ಲೆನ್ಸ್ ಹಳದಿಯಾಗುವುದಿಲ್ಲ. ಬಿರುಕು ಬಿಟ್ಟರೆ ತಡಮಾಡದೆ ಬದಲಿಸಿ.

ರಿಫ್ಲೆಕ್ಟರಿನ ಹೊಳಪು ಕೂದಲೆಳೆಗಿಂತಲೂ ತೆಳುವಾದ ಅಲ್ಯೂಮಿನಿಯಂ ಲೇಪ. ಬಟ್ಟೆಯಿಂದ ಒರೆಸಿದರೆ ಅದೂ ಬಟ್ಟೆಗೇ ಬರುತ್ತದೆ. ಕಪ್ಪು ಕಲೆ, ಸಿಪ್ಪೆ ಎದ್ದಿದ್ದರೆ ಅಸೆಂಬ್ಲಿಯನ್ನೇ ಬದಲಿಸಬೇಕು. ಬೆಳ್ಳಿ ಬಣ್ಣ ಬಳಿದರೆ ಬೆಳಕು ಚದುರುತ್ತದಷ್ಟೆ. ಅಸೆಂಬ್ಲಿ ಕೊಳ್ಳುವಾಗ ಎಡಬದಿ ಸಂಚಾರದ ಮಾದರಿಯೇ ಎಂದು ಖಚಿತ ಮಾಡಿಕೊಳ್ಳಿ. ನಮ್ಮ ರಸ್ತೆಯ ಡಿಮ್ ಬೆಳಕು ಎಡಕ್ಕೆ, ರಸ್ತೆಯಂಚಿನ ಕಡೆಗೆ ಮೇಲೇರಬೇಕು. ಬಲಕ್ಕೆ ಏರುವಂಥದ್ದು ನೇರ ಎದುರಿನವರ ಕಣ್ಣಿಗೆ ಬೀಳುತ್ತದೆ.

ಕೊನೆಗೆ ಗೋಡೆಯ ಮುಂದೆ

ಟೈರಿನ ಗಾಳಿ ಸರಿಮಾಡಿ, ಸಮತಟ್ಟು ನೆಲದಲ್ಲಿ ಗೋಡೆಗೆ ನೇರವಾಗಿ, ಲೆನ್ಸಿನಿಂದ ಗೋಡೆಗೆ 5 ಮೀಟರ್ ಇರುವಂತೆ ಗಾಡಿ ನಿಲ್ಲಿಸಿ. ಚಾಲಕರ ಸೀಟಿನಲ್ಲಿ ಒಬ್ಬರು ಕೂರಲಿ. ಡ್ಯಾಶ್‌ಬೋರ್ಡಿನಲ್ಲಿ ಲೆವೆಲಿಂಗ್ ಸ್ವಿಚ್ ಇದ್ದರೆ ಸೊನ್ನೆಗೆ ಇಟ್ಟು, ಖಾಲಿ ಗಾಡಿಯಲ್ಲೇ ತಿದ್ದಿ. ಲೋಡಿದ್ದಾಗ ಅದನ್ನು ತಿರುಗಿಸಿಕೊಂಡರಾಯಿತು. ಅದು ಇಲ್ಲದ ಗಾಡಿಯಾದರೆ ತಿದ್ದುವ ಮೊದಲು ಹಿಂದೆ ಎಂದಿನ ಲೋಡು ಹಾಕಿ. ಸಾಮಾನು ತುಂಬಿದಾಗ ಹಿಂದಿನ ಸ್ಪ್ರಿಂಗ್ ಪಟ್ಟಿ ಕುಗ್ಗಿ ಮೂತಿ ಎದ್ದು ಡಿಮ್ ಕೂಡ ಹೈ ಬೀಮಿನಂತೆ ಹೊಡೆಯುತ್ತದೆ. ಲೆನ್ಸಿನ ನಡುಬಿಂದು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ಗೋಡೆಗೆ ಟೇಪು ಅಂಟಿಸಿ, ಅದರಿಂದ 5 ಸೆಂ.ಮೀ. ಕೆಳಗೆ ಇನ್ನೊಂದು. ಡಿಮ್ ಹಾಕಿ, ಒಂದು ಬದಿಯ ಹೋಲ್ಡರ್ ಕಳಚಿಟ್ಟು ಇನ್ನೊಂದನ್ನು ತಿದ್ದಿ. ಬೆಳಕಿನ ಮೇಲಂಚು ಕೆಳಗಿನ ಟೇಪಿನ ಮೇಲೆ ಕೂರಬೇಕು, ಅಂಚು ಎಡಕ್ಕೆ ಮೇಲೇರಲು ಬಾಗುವ ಬಿಂದು ಆ ಹೆಡ್‌ಲೈಟಿನ ನೇರಕ್ಕೇ ಬರಬೇಕು. ಹಳೆಯ ಗಾಡಿಯಲ್ಲಿ ತಿದ್ದುವ ಸ್ಕ್ರೂವಿನ ಪ್ಲಾಸ್ಟಿಕ್ ನಟ್ಟು ಬಿಸಿಲಿಗೆ ಬೆಂದು ಪೆಡಸಾಗಿರುತ್ತದೆ. ಒಂದೇ ಸಲ ಜೋರು ಮಾಡದೆ ಕಾಲು ಸುತ್ತು ತಿರುಗಿಸಿ, ಗೋಡೆ ನೋಡಿ, ಮತ್ತೆ ಕಾಲು ಸುತ್ತು.