ಎಪ್‌ಕಾಟ್ ನೋಡುವುದು ಹೇಗೆ? ಬೆಳಿಗ್ಗೆ ರೈಡು, ಆಮೇಲೆ ದೇಶ

ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿರುವ ಎಪ್‌ಕಾಟ್ ಅನ್ನೋ ಥೀಮ್ ಪಾರ್ಕ್ 1982ರ ಅಕ್ಟೋಬರ್ 1ರಂದು ಶುರುವಾಯಿತು. ಮುಂಭಾಗದಲ್ಲಿ ತಂತ್ರಜ್ಞಾನ, ಹಿಂಭಾಗದಲ್ಲಿ ಕೆರೆಯ ಸುತ್ತ 11 ದೇಶಗಳ ಮಾದರಿ ಕಟ್ಟಡಗಳು. ಎರಡನ್ನೂ ಒಂದೇ ದಿನದಲ್ಲಿ ನೋಡಬಹುದು. ಯಾವುದನ್ನು ಯಾವಾಗ ನೋಡುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಟಿಕೆಟ್ ಮೊದಲೇ ತೆಗೆದುಕೊಳ್ಳಿ. ಡಿಸ್ನಿಯ ಆ್ಯಪ್ ಫೋನಿನಲ್ಲಿರಲಿ, ಯಾವ ಕ್ಯೂ ಎಷ್ಟು ಉದ್ದ ಅಂತ ಅದೇ ಹೇಳುತ್ತದೆ. ಮಕ್ಕಳ ಎತ್ತರವನ್ನು ಮನೆಯಲ್ಲೇ ಅಳೆದುಬಿಡಿ. ಟೆಸ್ಟ್ ಟ್ರ್ಯಾಕ್ ಅನ್ನೋ ಕಾರು ರೈಡಿಗೆ 40 ಇಂಚು, ಕಾಸ್ಮಿಕ್ ರಿವೈಂಡ್ ಅನ್ನೋ ರೋಲರ್ ಕೋಸ್ಟರ್‌ಗೆ 42 ಇಂಚು ಬೇಕು. ಅರ್ಧ ಇಂಚು ಕಡಿಮೆಯಿದ್ದರೂ ಬಿಡುವುದಿಲ್ಲ. ಆಗ ಅಪ್ಪ ಅಮ್ಮ ಸರದಿಯಲ್ಲಿ ಹೋಗಬಹುದು. ಎರಡನೆಯವರು ಪೂರ್ತಿ ಕ್ಯೂ ಮತ್ತೆ ನಿಲ್ಲಬೇಕಿಲ್ಲ, ಸಿಬ್ಬಂದಿಯನ್ನು ಕೇಳಿ.

ಗೇಟು ತೆರೆಯುವ ಮೊದಲೇ ಅಲ್ಲಿರಿ. ಎದುರಿಗೇ 180 ಅಡಿ ಎತ್ತರದ ದೊಡ್ಡ ಚೆಂಡು, ಒಳಗೊಂದು ರೈಡಿರುವ ಸ್ಪೇಸ್‌ಶಿಪ್ ಅರ್ತ್. ಕಣ್ಣಿಗೆ ಮೊದಲು ಬೀಳುವುದೇ ಅದು, ಹಾಗಾಗಿ ತುಂಬಾ ಜನ ಅಲ್ಲೇ ನಿಂತುಬಿಡುತ್ತಾರೆ. ನೀವು ಅದನ್ನು ದಾಟಿ ಸೀದಾ ಜಾಸ್ತಿ ಬೇಡಿಕೆಯ ರೈಡುಗಳಿಗೆ ಹೋಗಿ. ಚೆಂಡಿಗೆ ಸಂಜೆ ಬಂದರಾಯಿತು. ಮಳೆಯಲ್ಲಿ ಅದರ ಕೆಳಗೆ ನಿಂತು ನೋಡಿ. ಅಷ್ಟು ದೊಡ್ಡ ಗೋಳದಿಂದ ನೀರು ತಲೆಗೆ ಸುರಿಯುವುದಿಲ್ಲ. ಹೊರಗಿನ ಫಲಕಗಳ ಸಂದಿಯಲ್ಲಿ ಇಳಿದು, ಒಳದಾರಿಯಲ್ಲಿ ಹರಿದು ಕೆರೆ ಸೇರುತ್ತದೆ! ಬೇಸಿಗೆಯಲ್ಲಂತೂ ಮಧ್ಯಾಹ್ನ ಗುಡುಗು ಮಳೆ ಅಲ್ಲಿ ಮಾಮೂಲು. ರೇನ್‌ಕೋಟ್ ಇರಲಿ.

ನನ್ನ ಕೇಳಿದರೆ, ಲಿವಿಂಗ್ ವಿತ್ ದಿ ಲ್ಯಾಂಡ್ ಬಿಡಬೇಡಿ. ಹೆಸರು ಸಪ್ಪೆ, ಭಯವೂ ಇಲ್ಲ, ಅದಕ್ಕೇ ಹುಡುಗರು ಮೂಗು ಮುರಿಯುತ್ತಾರೆ. ದೋಣಿ ನಿಧಾನಕ್ಕೆ ಹಸಿರುಮನೆಗಳ ಒಳಗೆ ಸಾಗುತ್ತದೆ. ಕೆಲವು ಗಿಡಗಳ ಬೇರು ಮಣ್ಣೇ ಇಲ್ಲದೆ ಗಾಳಿಯಲ್ಲಿ ನೇತಾಡುತ್ತಿರುತ್ತವೆ, ಅವಕ್ಕೆ ಗೊಬ್ಬರದ ನೀರನ್ನು ಸಿಂಪಡಿಸುತ್ತಾರೆ. ಇಲ್ಲಿ ಬೆಳೆದ ತರಕಾರಿ ಪಾರ್ಕಿನ ಹೋಟೆಲುಗಳ ಅಡುಗೆಗೂ ಹೋಗುತ್ತದೆ.

ದೇಶಗಳ ಭಾಗ ಸಾಮಾನ್ಯವಾಗಿ ತೆರೆಯುವುದೇ 11 ಗಂಟೆಗೆ. ಕೆರೆಯ ಸುತ್ತು ಸುಮಾರು ಎರಡು ಕಿಲೋಮೀಟರ್, ಹೊಸ ಚಪ್ಪಲಿ ಬೇಡ. ಎಡಕ್ಕೆ ಹೊರಟರೆ ಮೊದಲು ಮೆಕ್ಸಿಕೊ, ಕೊನೆಗೆ ಕೆನಡಾ. ಸುಮ್ನೆ ಫೋಟೊ ತೆಗೆದು ಓಡಬೇಡಿ. 1984ರಲ್ಲಿ ಸೇರಿದ ಮೊರೊಕ್ಕೊದಲ್ಲಿ ಗೋಡೆಯ ಹತ್ತಿರ ಹೋಗಿ ನಿಲ್ಲಿ. ಬೆರಳುಗುರಿನಷ್ಟು ಚಿಕ್ಕ ಬಣ್ಣದ ಹೆಂಚುಚೂರುಗಳನ್ನು ಕೂಡಿಸಿದ ಆ ಕೆಲಸಕ್ಕೆ ಅಲ್ಲಿನ ರಾಜ ಎರಡನೇ ಹಸನ್ ತನ್ನ ನಾಡಿನ ಕುಶಲಕರ್ಮಿಗಳನ್ನೇ ಕಳಿಸಿದ್ದ. ಊಟ ಒಂದೇ ಕಡೆ ಹೊಟ್ಟೆ ತುಂಬ ಮಾಡುವ ಬದಲು ನಾಲ್ಕು ದೇಶದಲ್ಲಿ ಸ್ವಲ್ಪ ಸ್ವಲ್ಪ ಹಂಚಿಕೊಂಡು ತಿನ್ನಿ.

ರಾತ್ರಿ ಕೆರೆಯ ಮೇಲೆ ಪಟಾಕಿ. ಮುಗಿದ ತಕ್ಷಣ ಎಲ್ಲರೂ ಗೇಟಿಗೆ ನುಗ್ಗುತ್ತಾರೆ. ಒಂದು ಕಾಲು ಗಂಟೆ ಎಲ್ಲಾದರೂ ಕೂತಿದ್ದು, ಆಮೇಲೆ ಎದ್ದು ಹೊರಡಿ.